ಪೀನ ಮಸೂರದ ಪಾಠದಲ್ಲಿ ಜಿಯೋಜೀಬ್ರಾ: ಹಿರಿಯ ಶಿಕ್ಷಕರೊಂದಿಗೆ ಒಂದು ಪ್ರಯತ್ನ

ಪೀಠಿಕೆ

ಬೋಧನಾಭ್ಯಾಸದ ಶಾಲೆಯಲ್ಲಿ ಪ್ರೊಜೆಕ್ಟರ್ ಜೋಡಿಸುವ ಕೆಲಸ ಸಾಮಾನ್ಯವಾಗಿ ಪ್ರಶಿಕ್ಷಣಾರ್ಥಿಗಳಾದ ನಮ್ಮ ಪಾಲಿಗೇ ಬರುತ್ತದೆ. ನಾವಿರುವಷ್ಟು ದಿನ ಪರದೆಯ ಮೇಲೆ ಪಾಠ ನಡೆಯುತ್ತದೆ. ನಾವು ಹೊರಟ ಮೇಲೆ? ಹಳೇಬೀಡಿನ ಪ್ರೌಢಶಾಲೆಯೊಂದರಲ್ಲಿ ಮಾರ್ಗದರ್ಶಿ ಶಿಕ್ಷಕರೊಂದಿಗೆ ಹತ್ತನೇ ತರಗತಿಯ ಬೆಳಕಿನ ಪಾಠ ಸಿದ್ಧಪಡಿಸುವಾಗ ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡೆವು.

ತೊಡಕಿನ ಗುರುತಿಸುವಿಕೆ

ಯಾವ ತಂತ್ರಾಂಶ ಬೇಕು ಎಂಬುದಕ್ಕಿಂತ ಮೊದಲು, “ಮಕ್ಕಳು ಎಲ್ಲಿ ಎಡವುತ್ತಾರೆ ಸರ್?” ಎಂದು ಕೇಳಿದೆ. “ಆರು ಚಿತ್ರಗಳನ್ನೂ ಬಾಯಿಪಾಠದ ಹಾಗೆ ಬರೀತಾರಮ್ಮ. ವಸ್ತುವನ್ನು ಸ್ವಲ್ಪ ಸರಿಸಿದ್ರೆ ಏನಾಗುತ್ತೆ ಅಂದ್ರೆ ಸುಮ್ಮನಾಗ್ತಾರೆ” ಎಂದರು. ಕಪ್ಪುಹಲಗೆ ತೋರಿಸಲಾಗದ್ದು ಈ ಸರಿಯುವಿಕೆಯನ್ನೇ. ಆದ್ದರಿಂದ ಜಿಯೋಜೀಬ್ರಾ ಆರಿಸಿದೆವು. ಅದು ಉಚಿತವಾಗಿ ಸಿಗುತ್ತದೆ. ಒಮ್ಮೆ ಅಳವಡಿಸಿದರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ.

ಸಿದ್ಧತೆ

ಮೂರು ದಿನ ಶಾಲೆ ಬಿಟ್ಟ ಮೇಲೆ ಕುಳಿತೆವು. ಮೊದಲ ದಿನದಿಂದಲೂ ಮೌಸ್ ಅವರ ಕೈಯಲ್ಲೇ ಇತ್ತು. ನಾನು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದೆ. ಹಂತಗಳನ್ನು ಅವರೇ ತಮ್ಮ ಪಾಠ ಟಿಪ್ಪಣಿಯಲ್ಲಿ ಬರೆದುಕೊಂಡರು. ಕರೆಂಟ್ ಹೋದರೆ ಇರಲಿ ಎಂದು ಮೇಣದಬತ್ತಿ, ಮೀಟರ್ ಅಳತೆಪಟ್ಟಿ ಇಟ್ಟುಕೊಂಡೆವು.

ಪಾಠದ ಹಂತಗಳು

1. ಕಿಟಕಿಯಾಚೆ ದೂರದ ತೆಂಗಿನ ಮರದ ಪ್ರತಿಬಿಂಬವನ್ನು ಬಿಳಿ ಹಾಳೆಯ ಮೇಲೆ ಹಿಡಿದು ಸಂಗಮದೂರ ಅಳೆಯುವುದು: ಸುಮಾರು 10 ಸೆಂ.ಮೀ.

2. ಪರದೆಯಲ್ಲಿ ಅದೇ ಸಂಗಮದೂರದ ಮಸೂರ. ವಸ್ತು 30 ಸೆಂ.ಮೀ. ದೂರದಲ್ಲಿದ್ದರೆ ಪ್ರತಿಬಿಂಬ 15ರಲ್ಲಿ, 20ಕ್ಕೆ 20ರಲ್ಲಿ, 15ಕ್ಕೆ 30ರಲ್ಲಿ. ಪ್ರತಿ ಸಲವೂ ಮಕ್ಕಳು ಊಹೆ ಬರೆದ ಮೇಲೆಯೇ ವಸ್ತುವನ್ನು ಸರಿಸುವುದು.

3. 10ಕ್ಕೆ ಬಂದಾಗ ಕಿರಣಗಳು ಸಮಾಂತರ. 5ಕ್ಕೆ ಬಂದಾಗ ಪ್ರತಿಬಿಂಬ ವಸ್ತುವಿನ ಕಡೆಯೇ, ನೇರವಾಗಿ, ಎರಡರಷ್ಟು ದೊಡ್ಡದಾಗಿ.

ಅವಲೋಕನ

ಪಾಠವನ್ನು ಶಿಕ್ಷಕರೇ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. “ಸರ್, 5ರಲ್ಲಿಟ್ಟರೆ ಹಾಳೆ ಮೇಲೆ ಯಾಕೆ ಬೀಳಲ್ಲ?” ಎಂದು ಹುಡುಗಿಯೊಬ್ಬಳು ಕೇಳಿದಳು. ಅವರು ಪರದೆ ಬಿಟ್ಟು ಬಂದು ಮಸೂರವನ್ನೇ ಅವಳ ಕೈಗಿತ್ತು, ಪುಸ್ತಕದ ಅಕ್ಷರ ನೋಡಲು ಹೇಳಿದರು. ಕಿರಣಗಳು ಅಲ್ಲಿ ನಿಜವಾಗಿ ಸೇರುವುದಿಲ್ಲ, ಸೇರಿದಂತೆ ಕಣ್ಣಿಗೆ ತೋರುತ್ತದೆ ಎಂಬುದು ಆಗ ತಿಳಿಯಿತು. ಪರದೆಯನ್ನು ಯಾವಾಗ ಬಿಡಬೇಕೆಂಬ ತಿಳಿವಳಿಕೆ ಶಿಕ್ಷಕರದು. ಮೌಸ್ ನನ್ನ ಕೈಯಲ್ಲಿದ್ದಿದ್ದರೆ ಅದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಸಲಹೆ

ವಿಷಯ, ಬೋಧನಾ ವಿಧಾನ, ತಂತ್ರಜ್ಞಾನ ಈ ಮೂರರ ಅರಿವು ಹೆಣೆದುಕೊಂಡಿರಬೇಕೆಂದು ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ವಿವರಿಸಿದರು. ಮೊದಲ ಎರಡು ಹಿರಿಯ ಶಿಕ್ಷಕರಲ್ಲಿ ಈಗಾಗಲೇ ಇವೆ. ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೂ ಈ ಮಾತು ಸಲ್ಲುತ್ತದೆ. ನಮ್ಮ ಬೋಧನಾ ಪದ್ಧತಿಯ ತರಗತಿಗಳಲ್ಲೂ ಪ್ರತಿ ಅಧ್ಯಾಪಕರು ತಮಗೆ ಕಷ್ಟವೆನಿಸಿದ ಒಂದು ಘಟಕ ಆರಿಸಲಿ. ಪ್ರಶಿಕ್ಷಣಾರ್ಥಿ ಪಕ್ಕದಲ್ಲಿ ಕುಳಿತು ನೆರವಾಗಲಿ. ಎರಡನೇ ಸಲ ಆ ಪಾಠ ನೆರವಿಲ್ಲದೆ ನಡೆದರೆ ಪ್ರಯತ್ನ ಫಲಿಸಿದಂತೆ.