ನೋತ್ರ್ ದಾಮ್ ನೋಡಲು ಟಿಕೆಟ್ ಬೇಡ, ಬಿಡುವು ಬೇಕು

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಪ್ಯಾರಿಸ್‌ನ ನೋತ್ರ್ ದಾಮ್ ಪ್ರಧಾನಾಲಯದ ಒಳಗೆ ಹೋಗಲು ಬಿಡಿಗಾಸೂ ಕೊಡಬೇಕಿಲ್ಲ. ಕಟ್ಟಡ ಫ್ರಾನ್ಸ್ ಸರ್ಕಾರದ್ದು, ಪೂಜೆ-ಪ್ರಾರ್ಥನೆ ನಡೆಸುವುದು ಚರ್ಚಿನವರು. 2024ರಲ್ಲಿ ಅಲ್ಲಿನ ಸಂಸ್ಕೃತಿ ಸಚಿವೆ ರಶೀದಾ ದಾತಿ, ಪ್ರವಾಸಿಗರಿಂದ 5 ಯೂರೊ ತೆಗೆದುಕೊಂಡರೆ ದೇಶದ ಹಳೆಯ ಚರ್ಚುಗಳ ದುರಸ್ತಿಗೆ ಆದೀತು ಎಂದಿದ್ದರು. ಪ್ಯಾರಿಸ್ ಧರ್ಮಪ್ರಾಂತ್ಯ ಒಪ್ಪಲಿಲ್ಲ. ದೇವರ ಮನೆಗೆ ಬರುವವರಿಂದ ಬಾಗಿಲಲ್ಲಿ ಹಣ ಕೇಳುವುದಿಲ್ಲ ಎಂಬುದು ಅದರ ನಿಲುವು. ಹಾಗಾಗಿ ಅಂತರ್ಜಾಲದಲ್ಲಿ ‘ನೋತ್ರ್ ದಾಮ್ ಪ್ರವೇಶ ಟಿಕೆಟ್’ ಎಂದು ಯಾರಾದರೂ ಮಾರುತ್ತಿದ್ದರೆ, ಅವರು ಮಾರುತ್ತಿರುವುದು ಗೈಡ್‌ನ ಸೇವೆ ಇರಬಹುದು, ಇಲ್ಲವೇ ಬರೀ ಗಾಳಿ ಇರಬಹುದು.

ಕೊಡಬೇಕಾದದ್ದು ಸಮಯ. ಬಸ್ಸಿನಲ್ಲಿ ಬಂದಿಳಿಯುವ ಗುಂಪುಗಳು ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ, ಮೊಬೈಲ್ ಎತ್ತಿ ಹಿಡಿದು ಹೊರಟುಬಿಡುತ್ತವೆ. ನೀವು ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಒಂದು ಗಂಟೆ ಹೊರಗೇ ಕಳೆಯಿರಿ.

ಹೊತ್ತು ಗೊತ್ತುಮಾಡಿಕೊಳ್ಳುವುದು

ಪ್ರಧಾನಾಲಯದ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಸಮಯ ಕಾಯ್ದಿರಿಸಬಹುದು. ಬೆಂಗಳೂರಿನಲ್ಲಿ ಕೂತು ತಿಂಗಳ ಮುಂಚೆ ಮಾಡಿಕೊಳ್ಳುವ ಕೆಲಸ ಇದಲ್ಲ. ಅದೇ ದಿನಕ್ಕೆ ಅಥವಾ ಮುಂದಿನ ಒಂದೆರಡು ದಿನಕ್ಕೆ ಮಾತ್ರ ಜಾಗ ತೆರೆಯುತ್ತಾರೆ. ಸಿಗದಿದ್ದರೆ ಬೇಸರ ಬೇಡ, ಕಾಯ್ದಿರಿಸದವರಿಗೂ ಬೇರೆ ಸಾಲು ಇದೆ. ಸಾಲಿನ ಉದ್ದ ಕಂಡು ಎದೆ ಝಲ್ಲೆನ್ನಬಹುದು, ಆದರೆ ಅದು ನಿಂತಲ್ಲೇ ನಿಲ್ಲುವ ಸಾಲಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7.50ರಿಂದ ಸಂಜೆ 7ರವರೆಗೆ ಬಾಗಿಲು ತೆರೆದಿರುತ್ತದೆ. ಗುರುವಾರ ಮಾತ್ರ ರಾತ್ರಿ 10ರವರೆಗೆ. ಶನಿವಾರ, ಭಾನುವಾರ 8.15ರಿಂದ 7.30. ಹಬ್ಬ ಹರಿದಿನಗಳಲ್ಲಿ, ದೊಡ್ಡ ಸಮಾರಂಭಗಳಿದ್ದಾಗ ಬದಲಾಗುವುದರಿಂದ ಹೊರಡುವ ಹಿಂದಿನ ರಾತ್ರಿ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ಇದರಲ್ಲಿ ಯಾವ ಹೊತ್ತು ಒಳ್ಳೆಯದು? ಜನ ಕಡಿಮೆ ಇರಲಿ ಎನ್ನುವವರು ಬಾಗಿಲು ತೆರೆದ ಕೂಡಲೇ ಹೋಗಲಿ. ಗುರುವಾರ ರಾತ್ರಿ ಹೋಗಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಅದು ಅರ್ಧ ಮಾತ್ರ ಸರಿ. ಜೂನ್‌ನಲ್ಲಿ ಪ್ಯಾರಿಸ್‌ನ ಸೂರ್ಯ ರಾತ್ರಿ ಹತ್ತರ ಹತ್ತಿರ ಮುಳುಗುತ್ತಾನೆ, ಆಗ ಗುರುವಾರದ ಸಂಜೆ ಭಾಗ್ಯವೇ ಸರಿ. ಡಿಸೆಂಬರ್‌ನಲ್ಲಿ ಐದಕ್ಕೇ ಕತ್ತಲು. ಬಣ್ಣದ ಗಾಜಿನ ಕಿಟಕಿಗಳು ಹೊರಗಿನ ಬೆಳಕು ನಿಂತರೆ ಕಪ್ಪು ಹಲಗೆಗಳಾಗಿಬಿಡುತ್ತವೆ. ಚಳಿಗಾಲದಲ್ಲಿ ಹೋಗುವವರು ನಡುಹಗಲನ್ನೇ ಆರಿಸಿಕೊಳ್ಳಿ, ಜನ ಹೆಚ್ಚಿದ್ದರೂ ಸರಿ.

ದಾರಿ, ಚೀಲ, ಚಪ್ಪಲಿ

ಪ್ರಧಾನಾಲಯ ಇರುವುದು ಸೇನ್ ನದಿಯ ನಡುವಿನ ದ್ವೀಪದಲ್ಲಿ. ಮೆಟ್ರೊ 4ನೇ ಮಾರ್ಗದ ಸಿತೆ ನಿಲ್ದಾಣ ಅತಿ ಹತ್ತಿರ. ಸಾಂ ಮಿಶೆಲ್ ನಿಲ್ದಾಣದಲ್ಲಿ ಇಳಿದು ಸೇತುವೆ ದಾಟಿ ಬರುವುದು ಇನ್ನೂ ಚೆಂದ. ಅಲ್ಲಿಗೆ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದ ‘ಆರ್‌ಇಆರ್ ಬಿ’ ರೈಲು ನೇರ ಬರುತ್ತದೆ. ಹಾಗೆಂದು ಸೂಟ್‌ಕೇಸ್ ಎಳೆದುಕೊಂಡೇ ಹೋಗುವ ಯೋಚನೆ ಬೇಡ. ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ, ಇಟ್ಟು ಹೋಗಲು ಕೊಠಡಿಯೂ ಇಲ್ಲ. ಸಣ್ಣ ಚೀಲವನ್ನು ತಪಾಸಣೆ ಮಾಡಿ ಬಿಡುತ್ತಾರೆ. ಶೌಚಾಲಯದ ಕೆಲಸ ಮೊದಲೇ ಮುಗಿಸಿಕೊಳ್ಳಿ, ವಯಸ್ಸಾದವರು ಜೊತೆಗಿದ್ದರಂತೂ ಮರೆಯಬೇಡಿ.

ಚಪ್ಪಲಿ ಬಿಡಬೇಕಿಲ್ಲ. ಗಂಡಸರು ಟೋಪಿ ತೆಗೆಯಬೇಕು. ಭುಜ, ಮಂಡಿ ಮುಚ್ಚುವ ಉಡುಪು ಇದ್ದರೆ ಯಾರಿಗೂ ಮುಜುಗರವಿಲ್ಲ. ಫೋಟೊ ತೆಗೆಯಬಹುದು, ಫ್ಲ್ಯಾಶ್ ಬೇಡ. ಮುಂದಿನ ಅಂಗಳದಲ್ಲಿ ಜೇಬುಗಳ್ಳರ ಕಾಟ ಉಂಟು. ಸಹಿ ಹಾಕಿ ಎಂದು ಕಾಗದ ಹಿಡಿದು ಬರುವವರ ಜೊತೆ ಮಾತಿಗೆ ನಿಲ್ಲಬೇಡಿ, ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಭದ್ರವಾಗಿಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಿ.

ಮೊದಲು ಹೊರಗಿನ ಸುತ್ತು

ಸಾಲಿನಲ್ಲಿ ನಿಲ್ಲುವ ಮುಂಚೆ ದ್ವೀಪದ ಪೂರ್ವದ ತುದಿಗೆ, ಆರ್ಶೆವೆಶೆ ಸೇತುವೆಯ ಮೇಲೆ ಹೋಗಿ ನಿಲ್ಲಿ. ಕಟ್ಟಡದ ಹಿಂಭಾಗ ಅಲ್ಲಿಂದ ಕಾಣುತ್ತದೆ. ಸಾರುವೆ ಕಟ್ಟಿರುವ ಕಡೆಗಳೂ ಕಂಡಾವು, 2019ರ ಬೆಂಕಿಯ ನಂತರದ ದುರಸ್ತಿ ಇನ್ನೂ ಪೂರ್ತಿ ಮುಗಿದಿಲ್ಲ. ಗೋಡೆಗೆ ಹೊರಗಿನಿಂದ ಒತ್ತುಕೊಟ್ಟು ನಿಂತಿರುವ ಕಲ್ಲಿನ ಅರೆಕಮಾನುಗಳನ್ನು ಗಮನಿಸಿ. ಒಳಗಿನ ಕಲ್ಲಿನ ಚಾವಣಿ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಅದರ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಆ ಒತ್ತಡವನ್ನು ಈ ಅರೆಕಮಾನುಗಳು ಹಿಡಿದು ನೆಲಕ್ಕೆ ಇಳಿಸುತ್ತವೆ. ಭಾರ ಹೊರುವ ಕೆಲಸ ಹೊರಗೆ ಹೋದದ್ದರಿಂದ ಗೋಡೆ ದಪ್ಪ ಇರಬೇಕಾಗಿಲ್ಲ. ಗೋಡೆಯ ಜಾಗಕ್ಕೆ ಗಾಜು ಬಂತು. ಇದನ್ನು ನೋಡದೆ ಒಳಗೆ ಹೋದವರಿಗೆ ಕಿಟಕಿಗಳು ಚೆಂದ ಕಾಣುತ್ತವೆ, ಅಷ್ಟೇ. ಅಷ್ಟು ದೊಡ್ಡ ಕಿಟಕಿ ಅಲ್ಲಿ ಹೇಗೆ ನಿಂತಿದೆ ಎಂಬುದು ತಿಳಿಯುವುದಿಲ್ಲ.

ಮೇಲೆ ಕಾಣುವ ಸೂಜಿಯಂಥ ಗೋಪುರ ಹೊಸತು. ಕಟ್ಟಡದ ಕೆಲಸ ಶುರುವಾದದ್ದು 1163ರಲ್ಲಿ, ಬಿಷಪ್ ಮೊರಿಸ್ ದ ಸುಲ್ಲಿ ಅವರ ಕಾಲದಲ್ಲಿ. ಮುಗಿಯುವ ಹೊತ್ತಿಗೆ ಹದಿನಾಲ್ಕನೆಯ ಶತಮಾನ. ಹಳೆಯ ಸೂಜಿಗೋಪುರ ಶಿಥಿಲವಾಗಿ ಇಳಿಸಿದ ಮೇಲೆ, 1859ರಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಮತ್ತೊಂದನ್ನು ನಿಲ್ಲಿಸಿದರು. 2019ರ ಏಪ್ರಿಲ್ 15ರ ಸಂಜೆ ಹೊತ್ತಿಕೊಂಡ ಬೆಂಕಿಯಲ್ಲಿ ಬಿದ್ದದ್ದು ಅದೇ. ಓಕ್ ಮರದ ತೊಲೆಗಳ ಮಾಡೂ ಪೂರ್ತಿ ಸುಟ್ಟಿತು. ಗಾಜು, ಉಕ್ಕು, ಮಾಡಿನ ಮೇಲೆ ತೋಟ ಎಂದೆಲ್ಲ ಸಲಹೆಗಳು ಬಂದರೂ ಕೊನೆಗೆ ಓಕ್ ಮತ್ತು ಸೀಸದಲ್ಲೇ, ಮೊದಲಿದ್ದಂತೆಯೇ 96 ಮೀಟರ್ ಎತ್ತರಕ್ಕೆ ಕಟ್ಟಿದರು. ಅದು ಸರಿಯಾದ ತೀರ್ಮಾನ ಎಂದೇ ನನ್ನ ಎಣಿಕೆ. ಗೋಪುರದ ಬುಡದಲ್ಲಿ ನಿಲ್ಲಿಸಲೆಂದು ವಿಯೊಲೆ ಲ ದ್ಯುಕ್ ಮಾಡಿಸಿದ್ದ 16 ತಾಮ್ರದ ಪ್ರತಿಮೆಗಳನ್ನು ಬೆಂಕಿ ಬೀಳುವ ನಾಲ್ಕೇ ದಿನ ಮುಂಚೆ ದುರಸ್ತಿಗೆಂದು ಇಳಿಸಿದ್ದರಿಂದ ಅವು ಉಳಿದವು. ಅವುಗಳಲ್ಲಿ ಒಂದು, ನಮ್ಮ ದೇಶಕ್ಕೆ ಬಂದರೆಂದು ಕ್ರೈಸ್ತರು ನಂಬುವ ಸಂತ ತೋಮಸರದು. ಅದಕ್ಕೆ ಶಿಲ್ಪಿ ವಿಯೊಲೆ ಲ ದ್ಯುಕ್‌ರ ಮುಖವನ್ನೇ ಕೊಟ್ಟಿದ್ದಾನೆ. ಮಿಕ್ಕವರು ಊರಿನ ಕಡೆ ನೋಡಿದರೆ ಇವರೊಬ್ಬರು ತಿರುಗಿ ಗೋಪುರವನ್ನು ನೋಡುತ್ತಾರೆ.

ಈಗ ಮುಂಭಾಗಕ್ಕೆ ಬನ್ನಿ. ಅಂಗಳದ ನೆಲದಲ್ಲಿ ಕಂಚಿನ ಗುರುತೊಂದಿದೆ, ಪ್ಯಾರಿಸ್‌ನಿಂದ ಊರುಗಳ ದೂರ ಅಳೆಯುವುದು ಅಲ್ಲಿಂದ. ಮೂರು ಬಾಗಿಲುಗಳ ಪೈಕಿ ನಡುವಿನದರ ಮೇಲೆ ಕೊನೆಯ ತೀರ್ಪಿನ ದೃಶ್ಯ. ಸಂತ ಮಿಕಾಯೇಲ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ, ಚಿತ್ರಗುಪ್ತನ ಲೆಕ್ಕದ ಪುಸ್ತಕ ತಕ್ಕಡಿಯಾದ ಹಾಗೆ. ಚೆನ್ನಾಗಿ ದಿಟ್ಟಿಸಿ ನೋಡಿದರೆ ಪುಟ್ಟ ದೆವ್ವವೊಂದು ತಟ್ಟೆಯನ್ನು ತನ್ನ ಕಡೆ ವಾಲಿಸಲು ಕಳ್ಳಾಟ ಆಡುತ್ತಿರುವುದು ಕಾಣುತ್ತದೆ. ಎಡಗಡೆಯ ಬಾಗಿಲಲ್ಲಿ ಕಡಿದ ತಮ್ಮದೇ ತಲೆಯನ್ನು ಕೈಯಲ್ಲಿ ಹಿಡಿದು ನಿಂತವರು ಪ್ಯಾರಿಸ್‌ನ ಮೊದಲ ಬಿಷಪ್ ಸಂತ ದೆನಿ. ಬಾಗಿಲುಗಳ ಮೇಲೆ ಸಾಲಾಗಿ ನಿಂತ 28 ಅರಸರು ಬೈಬಲಿನ ಯೆಹೂದ ರಾಜರು. 1793ರಲ್ಲಿ ಕ್ರಾಂತಿಕಾರರು ಇವರನ್ನು ಫ್ರಾನ್ಸಿನ ದೊರೆಗಳೆಂದು ಭಾವಿಸಿ ತಲೆ ಹಾರಿಸಿದರು. ಈಗಿರುವವು ಹತ್ತೊಂಬತ್ತನೆಯ ಶತಮಾನದ ಮೂರ್ತಿಗಳು.

ಒಳಗೆ

ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಹೊಡೆಯುವುದು ಕಲ್ಲಿನ ಬಿಳುಪು. ಶತಮಾನಗಳ ಮಸಿ, ಬೆಂಕಿಯ ಸೀಸದ ಧೂಳು ಎಲ್ಲವನ್ನೂ ತೆಗೆದಿದ್ದಾರೆ. ಹಳೆಯ ಮಬ್ಬನ್ನು ನೆನೆದು ಹಲುಬುವವರು ಇದ್ದಾರೆ. ಆದರೆ ಕಟ್ಟಿದವರು ಮಸಿಯನ್ನು ಕಟ್ಟಿರಲಿಲ್ಲವಲ್ಲ!

ನಡೆಯುವ ದಿಕ್ಕನ್ನು ಅವರೇ ಗೊತ್ತುಮಾಡಿದ್ದಾರೆ: ಎಡಗಡೆಯ ಉತ್ತರದಿಂದ ಹೊರಟು, ಬಲಿಪೀಠದ ಹಿಂದೆ ಬಳಸಿ, ದಕ್ಷಿಣದ ಕಡೆಯಿಂದ ಹಿಂತಿರುಗಬೇಕು. ನೆರಳಿನಿಂದ ಬೆಳಕಿಗೆ ಎಂಬ ಲೆಕ್ಕ. ಬಾಗಿಲ ಬಳಿಯ ಸ್ನಾನದೀಕ್ಷೆಯ ಕಂಚಿನ ಕುಂಡವೂ ಮುಂದಿನ ಕಂಚಿನ ಬಲಿಪೀಠವೂ ಹೊಸವು, ಗಿಯೋಮ್ ಬಾರ್ದೆ ಅವರ ಕೃತಿಗಳು. ಅಲಂಕಾರವಿಲ್ಲದ ನುಣುಪು ಅವಕ್ಕೆ.

ಅಡ್ಡತೋಳುಗಳು ಕೂಡುವ ಕಡೆ ನಿಂತು ಉತ್ತರದ ಗುಲಾಬಿ ಕಿಟಕಿಯನ್ನು ನೋಡಿ. 1250ರ ಸುಮಾರಿನದು, ಅಡ್ಡಳತೆ ಹತ್ತಿರ ಹತ್ತಿರ 13 ಮೀಟರ್, ಹಳೆಯ ಗಾಜು ಹೆಚ್ಚಾಗಿ ಉಳಿದಿರುವುದು ಇದರಲ್ಲೇ. ನೇರ ಬಿಸಿಲು ತಾಗದ ಕಾರಣ ಇದರ ನೀಲಿ ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ. ತಿರುಗಿದರೆ ಎದುರಿಗೆ ದಕ್ಷಿಣದ್ದು. ನಡುಹಗಲಿನ ಸೂರ್ಯ ಬಂದಾಗ ಅದರ ಕೆಂಪು, ನೇರಳೆ ಕಂಬಗಳ ಮೇಲೆ ಬಿದ್ದು ಸರಿಯುತ್ತವೆ. ಹತ್ತು ನಿಮಿಷ ಕೂತು ನೋಡಿ, ಕುರ್ಚಿಗಳಿವೆ. ಪಶ್ಚಿಮದ ಗುಲಾಬಿ ಕಿಟಕಿಯನ್ನು ಸುಮಾರು 8,000 ಕೊಳವೆಗಳ ಆರ್ಗನ್ ಅರ್ಧ ಮರೆಮಾಡಿದೆ. ಮೂರು ಗುಲಾಬಿಗಳೂ ಬೆಂಕಿಯಿಂದ ಪಾರಾದವು.

ಬಲಿಪೀಠದ ಸುತ್ತಿನ ಕಲ್ಲಿನ ಗೋಡೆಯಲ್ಲಿ ಬಣ್ಣ ಬಳಿದ ಉಬ್ಬುಶಿಲ್ಪಗಳಿವೆ, ಹದಿನಾಲ್ಕನೆಯ ಶತಮಾನದವು. ಉತ್ತರದ ಕಡೆ ಯೇಸುವಿನ ಬಾಲ್ಯ, ದಕ್ಷಿಣದಲ್ಲಿ ಪುನರುತ್ಥಾನದ ನಂತರ ಶಿಷ್ಯರಿಗೆ ಕಾಣಿಸಿಕೊಂಡ ಪ್ರಸಂಗಗಳು. ಗೈಡುಗಳು ಬೇಗಬೇಗ ದಾಟಿಸುವ ಜಾಗ ಇದು. ಮಕ್ಕಳಿಗೆ ಕಥೆ ಹೇಳುತ್ತ ನಿಧಾನವಾಗಿ ನಡೆಯಲು ಇದಕ್ಕಿಂತ ಒಳ್ಳೆಯ ಜಾಗ ಒಳಗೆ ಬೇರಿಲ್ಲ. ಹಿಂದಿನ ಭಾಗದಲ್ಲಿ ಮುಳ್ಳಿನ ಕಿರೀಟದ ಸಂಪುಟ. ಯೇಸುವಿಗೆ ತೊಡಿಸಿದ್ದೆಂದು ಭಕ್ತರು ನಂಬುವ ಇದನ್ನು ದೊರೆ ಒಂಬತ್ತನೆಯ ಲೂಯಿ 1239ರಲ್ಲಿ ಪ್ಯಾರಿಸ್‌ಗೆ ತರಿಸಿದ. ಬೆಂಕಿಯ ರಾತ್ರಿ ಅಗ್ನಿಶಾಮಕ ದಳದವರೂ ಇತರರೂ ಸೇರಿ ಇದನ್ನು ಹೊರತಂದರು. ದಕ್ಷಿಣದ ಕಂಬದ ಬಳಿ ಇರುವ ಮಾತೆ ಮರಿಯಳ ಹದಿನಾಲ್ಕನೆಯ ಶತಮಾನದ ಪ್ರತಿಮೆಯ ಪಕ್ಕಕ್ಕೇ ಚಾವಣಿಯ ಕಲ್ಲುಗಳು ಉದುರಿದ್ದವು. ಪ್ರತಿಮೆಗೆ ಏನೂ ಆಗಲಿಲ್ಲ.

ಬಲಿಪೂಜೆಯ ಹೊತ್ತಿನಲ್ಲಿ

ಇದು ವಸ್ತುಸಂಗ್ರಹಾಲಯವಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 6ಕ್ಕೆ ಬಲಿಪೂಜೆ ಇರುತ್ತದೆ. ಭಾನುವಾರ ಇನ್ನೂ ಹೆಚ್ಚು. ಪೂಜೆಗೆ ಬರುವವರು ಕಾಯ್ದಿರಿಸಬೇಕಿಲ್ಲ. ಕ್ರೈಸ್ತರಲ್ಲದವರೂ ಕೂರಬಹುದು, ಆರ್ಗನ್ ಕೇಳಬೇಕೆಂದರೆ ಭಾನುವಾರದ ಪೂಜೆಯೇ ಸರಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಪರಮಪ್ರಸಾದ ಮಾತ್ರ ದೀಕ್ಷೆ ಪಡೆದ ಕಥೋಲಿಕರಿಗೆ, ನಮ್ಮ ದೇವಸ್ಥಾನದ ಪ್ರಸಾದದಂತೆ ಕೈಯೊಡ್ಡುವುದಲ್ಲ. ಆಗ ಕೂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪೂಜೆ ನಡೆಯುವಾಗ ಓಡಾಡುತ್ತ ಫೋಟೊ ತೆಗೆಯುವವರನ್ನು ಕಂಡರೆ ನಿಮಗೇ ಇರುಸುಮುರುಸಾಗುತ್ತದೆ. ಆ ಸಾಲಿಗೆ ನೀವು ಸೇರಬೇಡಿ.

ಗೋಪುರ ಹತ್ತುವುದು

ಮುಂಭಾಗದ ಜೋಡಿ ಗೋಪುರಗಳಿಗೆ ಬೇರೆ ದಾರಿ, ಬೇರೆ ಟಿಕೆಟ್. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದಾಗ ದರ 16 ಯೂರೊ ಇತ್ತು. ರಾಷ್ಟ್ರೀಯ ಸ್ಮಾರಕಗಳ ಕೇಂದ್ರದ ಜಾಲತಾಣದಲ್ಲಿ ಮುಂಚಿತವಾಗಿ ಕೊಳ್ಳಬೇಕು. 424 ಮೆಟ್ಟಿಲು, ಸುತ್ತು ಏಣಿ, ಲಿಫ್ಟ್ ಇಲ್ಲ. ಮಂಡಿನೋವು, ತಲೆಸುತ್ತು ಇರುವವರು ಬಿಟ್ಟುಬಿಡಿ, ನಷ್ಟವೇನಿಲ್ಲ. ಹತ್ತುವವರಿಗೆ 1686ರಲ್ಲಿ ಎರಕ ಹೊಯ್ದ, 13 ಟನ್ ತೂಗುವ ಇಮ್ಯಾನುಯೆಲ್ ಗಂಟೆ ಸಿಗುತ್ತದೆ. ಗಲ್ಲಕ್ಕೆ ಕೈಕೊಟ್ಟು ಊರು ನೋಡುವ ವಿಕಾರರೂಪಿಗಳು ಮಧ್ಯಯುಗದವಲ್ಲ, ಅವೂ ವಿಯೊಲೆ ಲ ದ್ಯುಕ್‌ರ ಕಲ್ಪನೆ. ಮಳೆನೀರನ್ನು ಗೋಡೆಯಿಂದ ದೂರ ಉಗುಳುವ ಚಾಚುಬಾಯಿಗಳೇ ಬೇರೆ.

ಅರ್ಧ ದಿನ ಉಳಿದರೆ

ನದಿ ದಾಟಿ ಹತ್ತು ನಿಮಿಷ ನಡೆದರೆ ಕ್ಲೂನಿ ವಸ್ತುಸಂಗ್ರಹಾಲಯ. 1793ರಲ್ಲಿ ಹಾರಿದ ಅರಸರ ತಲೆಗಳಲ್ಲಿ 21, 1977ರಲ್ಲಿ ಪ್ಯಾರಿಸ್‌ನ ಕಟ್ಟಡವೊಂದರ ಕಾಮಗಾರಿಯಲ್ಲಿ ನೆಲದಡಿ ಸಿಕ್ಕವು. ಮೂಗು ಮುರಿದ ಆ ಮುಖಗಳನ್ನು ಅಲ್ಲಿ ಎದುರಿಗೇ ನಿಂತು ನೋಡಬಹುದು.

ಮೈಸೂರು ಸೀಮೆಯವರಿಗೆ ಇನ್ನೊಂದು ನಿಲ್ದಾಣ ಸೂಚಿಸುತ್ತೇನೆ. ಕ್ಲೂನಿಯ ಬಳಿ ಮೆಟ್ರೊ 10ನೇ ಮಾರ್ಗ ಹಿಡಿದರೆ ಮೂರನೆಯ ನಿಲ್ದಾಣ ಸೆವ್ರ್ ಬಾಬಿಲೋನ್. ಅಲ್ಲಿಂದ ನಡೆದರೆ ರ್ಯು ದ್ಯು ಬಾಕ್ ಬೀದಿಯಲ್ಲಿ ಪ್ಯಾರಿಸ್ ವಿದೇಶಿ ಮಿಷನ್ನಿನ ಮನೆ. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣ, ಮೈಸೂರು ಪ್ರದೇಶದಲ್ಲಿ ಕೆಲಸ ಮಾಡಿ, ಸಿಡುಬಿನ ಲಸಿಕೆ ಹಾಕಿಸಲು ಊರೂರು ಅಲೆದ ಪಾದ್ರಿ ಅಬ್ಬೆ ದ್ಯುಬುವಾ 1823ರಲ್ಲಿ ಭಾರತ ಬಿಟ್ಟು ಸೇರಿದ್ದು ಈ ಮನೆಯನ್ನೇ. 1848ರಲ್ಲಿ ತೀರಿಕೊಂಡದ್ದೂ ಪ್ಯಾರಿಸ್‌ನಲ್ಲೇ. ಕ್ಲೂನಿ ಸೋಮವಾರ ಮುಚ್ಚಿರುತ್ತದೆ, ಈ ಸುತ್ತಾಟವನ್ನು ಮಂಗಳವಾರದ ಮೇಲೆ ಇಟ್ಟುಕೊಳ್ಳಿ.