ಹಿತ್ತಲಿನ ಮೂಲಂಗಿ ಮತ್ತು ಅದರ ಲೆಕ್ಕ

ಉರ್ದುವಿನಲ್ಲಿ ಒಂದು ಮಾತಿದೆ: ‘ತೂ ಕಿಸ್ ಖೇತ್ ಕೀ ಮೂಲಿ ಹೈ?’ ನೀನು ಯಾವ ಹೊಲದ ಮೂಲಂಗಿ ಎಂದು ಅರ್ಥ. ‘ನಿನ್ನನ್ನು ಯಾರು ಕೇಳುತ್ತಾರೆ ಹೋಗು’ ಎನ್ನುವ ಕಡೆ ಇದನ್ನು ಬಳಸುತ್ತಾರೆ. ನಮ್ಮ ಅಣ್ಣ ನನಗೆ ದಿನಕ್ಕೆ ಒಂದು ಸಲವಾದರೂ ಇದನ್ನು ಹೇಳುತ್ತಾನೆ. ಈ ವರ್ಷ ನಾನು ನಿಜವಾಗಿಯೂ ಮೂಲಂಗಿ ಬೆಳೆದೆ. ಹೇಗೆ ಬೆಳೆದೆ, ಮೊದಲ ಸಲ ಏಕೆ ಕೆಟ್ಟಿತು, ಕೊನೆಗೆ ಲೆಕ್ಕ ಏನಾಯಿತು ಎಂದು ಬರೆಯುತ್ತೇನೆ. ನಾನು ಕಾಮರ್ಸ್ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕ ಬಿಡುವುದಿಲ್ಲ.

ತುಮಕೂರಿನಲ್ಲಿ ನಮ್ಮ ಮನೆಯ ಹಿಂದೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಖಾಲಿ ಜಾಗವಿದೆ. ಅಬ್ಬಾಗೆ ಗ್ಯಾರೇಜ್ ಕೆಲಸ. ಹಳೆಯ ಸಾಮಾನು ಇಡಲು ಬೇರೆ ಕಡೆ ಒಂದು ಚಿಕ್ಕ ಕೋಣೆ ಹಿಡಿದು ತಿಂಗಳಿಗೆ 700 ರೂಪಾಯಿ ಬಾಡಿಗೆ ಕೊಡುತ್ತಾರೆ. ಹಿತ್ತಲಿಗೆ ಸಿಮೆಂಟ್ ಹಾಕಿಸಿ, ಮೇಲೆ ಶೀಟು ಹೊದಿಸಿದರೆ ಆ ಬಾಡಿಗೆ ಉಳಿಯುತ್ತದೆ ಎಂದು ಅವರ ಯೋಚನೆ. ನಾನು ಒಂದು ಬೆಳೆಗೆ ಸಮಯ ಕೇಳಿದೆ. ಜಾಗದ ನಡುವೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿ ಮಾಡಿದೆ.

ಜುಲೈನಲ್ಲಿ ಹತ್ತು ಗ್ರಾಂನ ಒಂದು ಪೊಟ್ಟಣ ಬೀಜ ತಂದು ಪೂರ್ತಿ ಎರಚಿಬಿಟ್ಟೆ. ಮೂಲಂಗಿ ಬೀಜ ಒಂದು ಗ್ರಾಂಗೆ ಸುಮಾರು ನೂರು ಬರುತ್ತದೆ. ಅಂದರೆ ಆ ಸಣ್ಣ ಮಡಿಗೆ ಹೆಚ್ಚುಕಡಿಮೆ ಸಾವಿರ ಬೀಜ! ನಾಲ್ಕನೇ ದಿನಕ್ಕೆ ಹಸಿರು ಚಾಪೆ ಹಾಸಿದಂತೆ ಮೊಳಕೆ ಬಂತು. ನನಗೆ ತುಂಬಾ ಖುಷಿ. ದಾದಿ ಬಂದು ನೋಡಿ, ‘ಮುಕ್ಕಾಲು ಭಾಗ ಕಿತ್ತು ಹಾಕು’ ಎಂದರು. (ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಪ್ರೈಮರಿ ಶಾಲೆಯಲ್ಲಿ ಇದರಿಂದ ನಾನು ಬಹಳ ನಗೆಪಾಟಲಾಗಿದ್ದೇನೆ.) ದಾದಿ ಶಿರಾ ಕಡೆಯ ಹಳ್ಳಿಯವರು, ಮದುವೆಗೆ ಮೊದಲು ಹೊಲದಲ್ಲಿ ಕೆಲಸ ಮಾಡಿದವರು. ಆದರೂ ನಾನು ಕೇಳಲಿಲ್ಲ. ಚೆನ್ನಾಗಿ ಮೊಳೆತದ್ದನ್ನು ಯಾರಾದರೂ ಕೀಳುತ್ತಾರೆಯೇ?

ಎಲೆ ಮೊಣಕಾಲಿನವರೆಗೆ ಬೆಳೆಯಿತು. ಐವತ್ತನೇ ದಿನ ಕಿತ್ತರೆ ಒಳಗೆ ಪೆನ್ಸಿಲ್ ದಪ್ಪದ ಬೇರು. ಸ್ವಲ್ಪ ದಪ್ಪವಾದವು ಎರಡು ಕಾಲು, ಮೂರು ಕಾಲು ಒಡೆದಿದ್ದವು. ಅಣ್ಣ ಒಂದನ್ನು ಎತ್ತಿ ಹಿಡಿದು ‘ಪ್ಯಾಂಟ್ ಹಾಕಿಸು’ ಎಂದ. ಅಬ್ಬಾ ಏನೂ ಹೇಳಲಿಲ್ಲ, ಆದರೆ ಮರುದಿನ ಮೇಸ್ತ್ರಿಗೆ ಫೋನ್ ಮಾಡಿದರು.

ಅದೇ ವಾರ ಅರ್ಥಶಾಸ್ತ್ರದ ತರಗತಿಯಲ್ಲಿ ಇಳಿಮುಖ ಪ್ರತಿಫಲ ನಿಯಮ ಬಂತು. ಭೂಮಿ ಅಷ್ಟೇ ಇದ್ದು, ಇನ್ನೊಂದು ಉತ್ಪಾದನಾಂಗವನ್ನು ಮಾತ್ರ ಹೆಚ್ಚಿಸುತ್ತಾ ಹೋದರೆ, ಒಂದು ಹಂತದ ನಂತರ ಹೆಚ್ಚುವರಿ ಉತ್ಪನ್ನ ಕಡಿಮೆಯಾಗುತ್ತದೆ. ಇನ್ನೂ ಹೆಚ್ಚಿಸಿದರೆ ಒಟ್ಟು ಉತ್ಪನ್ನವೇ ಇಳಿಯುತ್ತದೆ. ಪುಸ್ತಕದಲ್ಲಿ ಕೂಲಿಯಾಳುಗಳ ಉದಾಹರಣೆ ಇದೆ. ನನಗೆ ಬೋರ್ಡಿನ ಮೇಲೆ ನನ್ನ ಮಡಿಯೇ ಕಾಣಿಸಿತು. ನೂರನೇ ಬೀಜದ ನಂತರ ಹಾಕಿದ ಪ್ರತಿ ಬೀಜವೂ ಪಕ್ಕದ ಗಿಡದ ಬೆಳಕು, ನೀರು, ಜಾಗ ಕಿತ್ತುಕೊಂಡಿತ್ತು. ನಾವು ತಿನ್ನುವ ಮೂಲಂಗಿ ಗಿಡದ ತಾಯಿಬೇರು. ಎಲೆ ಮಾಡಿದ ಆಹಾರವನ್ನು ಗಿಡ ಅಲ್ಲಿ ಕೂಡಿಡುತ್ತದೆ. ಇಕ್ಕಟ್ಟಾದರೆ ಬೆಳಕಿಗಾಗಿ ಎಲೆ ಮೇಲೆ ಮೇಲೆ ಏಳುತ್ತದೆ, ಬೇರಿಗೆ ಉಳಿತಾಯವೇ ಇರುವುದಿಲ್ಲ.

ನಾನು ಅಬ್ಬಾನ ಮುಂದೆ ಕುಳಿತು ಇನ್ನೊಂದು ಅವಕಾಶ ಕೇಳಿದೆ. ‘ಡಿಸೆಂಬರ್‌ವರೆಗೆ, ಅಷ್ಟೇ’ ಎಂದರು.

ಈ ಸಲ ಬೀಜದ ಅಂಗಡಿಯವರನ್ನು ಕೇಳಿಕೊಂಡು ‘ಅರ್ಕಾ ನಿಶಾಂತ್’ ತಂದೆ. ಇದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ; ಬಿಳಿ, ಉದ್ದ, 50-55 ದಿನಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಹಾಕುವವರಿಗೆ ‘ಪೂಸಾ ಚೇತಕಿ’ ಎಂಬ ತಳಿ ಇದೆ, 40-45 ದಿನ ಸಾಕು. ಮೂಲಂಗಿಗೆ ತಂಪು ಹವೆ ಇಷ್ಟ, ಆದ್ದರಿಂದ ನಮ್ಮ ಕಡೆ ನವೆಂಬರ್ ಒಳ್ಳೆಯ ಕಾಲ.

ಮಣ್ಣಿನ ಕೆಲಸವೇ ಅರ್ಧ ಬೆಳೆ. ಒಂದು ಅಡಿ ಆಳ ಅಗೆದೆ. ಒಂದು ಬಕೆಟ್ ಕಲ್ಲು, ಎರಡು ಹಳೆಯ ಬೋಲ್ಟು ಸಿಕ್ಕವು. ಬೇರು ಕೆಳಗೆ ಇಳಿಯುವಾಗ ಕಲ್ಲು ತಗುಲಿದರೆ ಕವಲು ಒಡೆಯುತ್ತದೆ. ಹಸಿ ಸಗಣಿ ಹಾಕಿದರೂ ಹಾಗೆಯೇ. ಜುಲೈನಲ್ಲಿ ನಾನು ಅದನ್ನೂ ಮಾಡಿದ್ದೆ. ಈ ಸಲ ಪೂರ್ತಿ ಕಳಿತು ಪುಡಿಯಾದ ಕೊಟ್ಟಿಗೆ ಗೊಬ್ಬರ ಒಂದು ಚೀಲ ಬೆರೆಸಿದೆ. ಯೂರಿಯಾ ಬೇಡವೇ ಬೇಡ. ಅದು ಎಲೆಗೆ ಹಬ್ಬ, ಬೇರಿಗೆ ಉಪವಾಸ.

ಅಮ್ಮಿಯ ಹೊಲಿಗೆ ಟೇಪು ತಂದು ಅಡಿಗೊಂದು ಸಾಲು ಗುರುತು ಮಾಡಿದೆ. ನಾಲ್ಕು ಸಾಲು. ಸಾಲಿನಲ್ಲಿ ನಾಲ್ಕು ಇಂಚಿಗೊಂದು ಗುಳಿ, ಅರ್ಧ ಇಂಚು ಆಳ. ಒಂದು ಸಾಲಿಗೆ 18, ಒಟ್ಟು 72 ಗುಳಿ. ಗುಳಿಗೆ ಎರಡು ಮೂರು ಬೀಜ ಹಾಕಿದೆ. ಎರಡು ಗ್ರಾಂ ಸಾಕಾಯಿತು. ಮೂಲಂಗಿಯನ್ನು ಟೊಮೆಟೊ ಹಾಗೆ ಬೇರೆ ಕಡೆ ಸಸಿ ಮಾಡಿ ನೆಡಬಾರದು. ಕಿತ್ತು ನೆಟ್ಟರೆ ತಾಯಿಬೇರು ಕೆಡುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಬೀಜ ಹಾಕಬೇಕು.

ಹತ್ತನೇ ದಿನ, ಎರಡು ನಿಜವಾದ ಎಲೆ ಬಂದಾಗ, ದಾದಿ ಕುರ್ಚಿ ಹಾಕಿಸಿಕೊಂಡು ಹಿತ್ತಲಲ್ಲಿ ಕುಳಿತರು. ‘ಇದು ಇರಲಿ, ಅದು ತೆಗಿ’ ಎಂದು ಕೋಲಿನಿಂದ ತೋರಿಸುತ್ತಾ ಹೋದರು. ಗುಳಿಗೊಂದು ಸಸಿ ಮಾತ್ರ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ ಎಂದು ನಾನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿದೆ. ಮೂರನೇ ಸಾಲಿನಲ್ಲಿ ಎರಡೂ ಒಂದೇ ಎತ್ತರ, ಒಂದೇ ಬಣ್ಣ. ಯಾವುದನ್ನು ತೆಗೆಯಲಿ ಎಂದು ಬಹಳ ಹೊತ್ತು ಕುಳಿತೆ. ದಾದಿ, ‘ಯೋಚನೆ ಮಾಡಿದರೆ ಎರಡೂ ಹೋಗುತ್ತವೆ’ ಎಂದರು. ಕತ್ತರಿಸಿದ ಸಸಿಗಳು ಅಂದು ಮಧ್ಯಾಹ್ನ ಕಚುಂಬರ್‌ಗೆ ಬಿದ್ದವು. ಸ್ವಲ್ಪ ಖಾರ, ರುಚಿ ಚೆನ್ನಾಗಿತ್ತು.

ನೀರು ದಿನ ಬಿಟ್ಟು ದಿನ, ಫಜರ್ ನಮಾಜಿನ ನಂತರ. ಒಂದು ವಾರ ಒಣಗಿಸಿ ಒಮ್ಮೆಲೇ ಸುರಿದರೆ ಗಡ್ಡೆ ಸೀಳುತ್ತದೆ. ಕಿರುಪರೀಕ್ಷೆಯ ವಾರದಲ್ಲಿ ನಾನು ಮರೆತು ಮೂರು ಗಡ್ಡೆ ಸೀಳಿಸಿಕೊಂಡೆ. ಎಲೆಯಲ್ಲಿ ಸೂಜಿ ಚುಚ್ಚಿದಂತೆ ತೂತು ಮಾಡುವ ಸಣ್ಣ ಕಪ್ಪು ದುಂಬಿ ಬಂತು, ಐದು ಸಸಿ ತಿಂದಿತು. ಒಲೆಯ ಬೂದಿ ಉದುರಿಸಿದೆ. ಗಡ್ಡೆಯ ಭುಜ ಮಣ್ಣಿನಿಂದ ಮೇಲೆ ಬಂದಾಗ ಮಣ್ಣು ಏರಿಸಿ ಮುಚ್ಚಿದೆ. ಇಷ್ಟೇ ಕೆಲಸ.

51ನೇ ದಿನದಿಂದ ಕೀಳಲು ಶುರು ಮಾಡಿದೆವು. ಬಂದ ಮೇಲೆ ಕಾಯಬಾರದು, ಬಲಿತರೆ ಬೆಂಡಾಗುತ್ತದೆ. ಒಳ್ಳೆಯವು 64, ತೂಕ ಒಂಬತ್ತೂವರೆ ಕಿಲೋ. ಅಮ್ಮಿ ಮೂಲಿ ಗೋಷ್ತ್ ಮಾಡಿದರು, ಸೊಪ್ಪಿನ ಭಾಜಿ ಮಾಡಿದರು, ಪಕ್ಕದ ಮನೆಯ ಆಂಟಿ ನಮ್ಮ ಮೂಲಂಗಿಯಲ್ಲೇ ಸಾಂಬಾರ್ ಮಾಡಿ ಒಂದು ಬಟ್ಟಲು ವಾಪಸ್ ಕಳಿಸಿದರು.

ಈಗ ಲೆಕ್ಕ. ಬೀಜ 30 ರೂಪಾಯಿ. ಹತ್ತು ಗ್ರಾಂನಲ್ಲಿ ಎರಡು ಗ್ರಾಂ ಬಳಸಿದ್ದರಿಂದ ಖರ್ಚು 6 ರೂಪಾಯಿ, ಉಳಿದ 24 ಅಂತಿಮ ದಾಸ್ತಾನು. ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಕಡೆ ಇಟ್ಟರೆ ಬೀಜ ಮುಂದಿನ ವರ್ಷಕ್ಕೂ ಬರುತ್ತದೆ. ಗೊಬ್ಬರ 80. ಒಟ್ಟು ಖರ್ಚು 86. ಆ ವಾರ ಸಂತೆಯಲ್ಲಿ ಕಿಲೋಗೆ 30 ರೂಪಾಯಿ ಇತ್ತು; ಒಂಬತ್ತೂವರೆ ಕಿಲೋಗೆ 285. ಲಾಭ 199. ಇಲ್ಲಿಗೆ ನಿಲ್ಲಿಸಿ ಅಬ್ಬಾಗೆ ತೋರಿಸಬಹುದಿತ್ತು. ಆದರೆ ಅವಕಾಶ ವೆಚ್ಚ ಓದಿದ ಮೇಲೆ ಅದನ್ನು ಬಿಟ್ಟರೆ ಸುಳ್ಳು ಲೆಕ್ಕವಾಗುತ್ತದೆ. ಆ ಜಾಗ ಎರಡು ತಿಂಗಳು ಅಬ್ಬಾಗೆ 1400 ರೂಪಾಯಿ ಬಾಡಿಗೆ ಉಳಿಸುತ್ತಿತ್ತು. ಅದನ್ನೂ ಬರೆದೆ. ನಷ್ಟ 1201 ರೂಪಾಯಿ. ನನ್ನ ಕೂಲಿ, ಜುಲೈನ ನಷ್ಟ ಸೇರಿಸಿಲ್ಲ.

ಅಬ್ಬಾ ಹಾಳೆಯನ್ನು ಎರಡು ಸಲ ಓದಿದರು. ‘ನೀನೇ ನಿನ್ನ ವಿರುದ್ಧ ಬರೆದಿದ್ದೀಯಲ್ಲ’ ಎಂದರು. ಸಿಮೆಂಟ್ ಹಾಕಿಸುವುದು ಖಚಿತವಾಯಿತು.

ಆ ರಾತ್ರಿ ಟೇಪು ಹಿಡಿದು ಮತ್ತೆ ಹಿತ್ತಲಿಗೆ ಹೋದೆ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಶೀಟಿನ ನೆರಳು ಬೀಳದ ಕಡೆ, ಒಂದೂವರೆ ಅಡಿ ಅಗಲ ಬಿಟ್ಟರೆ ಅಬ್ಬಾನ ಸಾಮಾನಿಗೆ ಅಡ್ಡಿಯಿಲ್ಲ. ಉದ್ದ ಹನ್ನೆರಡು ಅಡಿ. ಒಂದು ಅಡಿ ಅಂತರದಲ್ಲಿ ಎರಡು ಸಾಲು, ಸಾಲಿಗೆ 36 ಗುಳಿ. ಒಟ್ಟು ಅದೇ 72! ಮಡಿ ಚೌಕವಾಗಿಯೇ ಇರಬೇಕು ಎಂದು ನನಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಮೇಸ್ತ್ರಿ ಆ ಪಟ್ಟಿ ಬಿಟ್ಟು ಸಿಮೆಂಟ್ ಹಾಕಿದ್ದಾರೆ. ದಾಸ್ತಾನಿನಿಂದ ಎರಡು ಗ್ರಾಂ ತೆಗೆದು ಮೊನ್ನೆ ಶುಕ್ರವಾರ ಬಿತ್ತಿದ್ದೇನೆ. ಸಸಿ ತೆಗೆಯುವ ದಿನ ಕುರ್ಚಿ ಎಲ್ಲಿ ಹಾಕಬೇಕೆಂದು ದಾದಿ ಈಗಾಗಲೇ ತೋರಿಸಿದ್ದಾರೆ.