ಸಾಕುನಾಯಿಯ ಮಧುಮೇಹ: ಇನ್ಸುಲಿನ್ ನೀಡುವಾಗ ಎಚ್ಚರ

ಮಧುಮೇಹವು ಮನುಷ್ಯರಿಗೆ ಮಾತ್ರ ಬರುವ ವ್ಯಾಧಿಯಲ್ಲ. ನಡುವಯಸ್ಸು ದಾಟಿದ ನಾಯಿಯು ಅತಿಯಾಗಿ ನೀರು ಕುಡಿದು, ಪದೇ ಪದೇ ಮೂತ್ರ ವಿಸರ್ಜಿಸಿ, ಹೊಟ್ಟೆ ತುಂಬ ತಿಂದರೂ ಕೃಶವಾಗುತ್ತಿದ್ದರೆ ಪಶುವೈದ್ಯರಲ್ಲಿ ರಕ್ತ, ಮೂತ್ರಗಳ ಪರೀಕ್ಷೆ ಮಾಡಿಸಬೇಕು. ನಾಯಿಗಳಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ಉತ್ಪಾದನೆಯೇ ಕುಂದಿರುವುದರಿಂದ ಮಾತ್ರೆಗಳು ಸಾಲವು. ದಿನಕ್ಕೆ ಎರಡು ಬಾರಿ, ಸುಮಾರು 12 ಗಂಟೆಗಳ ಅಂತರದಲ್ಲಿ ಚುಚ್ಚುಮದ್ದು ಬೇಕಾಗುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನಿನ ಪ್ರಭಾವವನ್ನು ಮೊದಲು ಪರೀಕ್ಷಿಸಿದ್ದು ನಾಯಿಗಳ ಮೇಲೆಯೇ. ಈ ಔಷಧದ ಮಟ್ಟಿಗೆ ಮನುಷ್ಯಕುಲವು ಶ್ವಾನಕ್ಕೆ ಋಣಿ.

ಸಾಕಿದವರು ಸಾಮಾನ್ಯವಾಗಿ ಅಂಜುವುದು ಸಕ್ಕರೆ ಏರುವುದಕ್ಕೆ. ಆದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದ್ದು ಸಕ್ಕರೆಯ ಕುಸಿತ. ಒಂದು ಹೊತ್ತು ಚುಚ್ಚುಮದ್ದು ತಪ್ಪಿದರೆ ಆಗುವ ಹಾನಿಗಿಂತ ಎರಡು ಬಾರಿ ಕೊಟ್ಟರೆ ಆಗುವ ಹಾನಿ ಬಹು ದೊಡ್ಡದು. ಕೊಟ್ಟಿದೆಯೋ ಇಲ್ಲವೋ ಎಂಬ ಸಂಶಯ ಬಂದಾಗ ಮತ್ತೆ ಕೊಡಕೂಡದು. ಮನೆಯಲ್ಲಿ ಒಬ್ಬರೇ ಆ ಹೊಣೆ ಹೊತ್ತು, ಕೊಟ್ಟೊಡನೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಲೇಸು.

ಸಿರಿಂಜಿನ ವಿಷಯದಲ್ಲಿ ವಿಶೇಷ ಜಾಗ್ರತೆ ಅಗತ್ಯ. ನಮ್ಮ ಔಷಧದ ಅಂಗಡಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ 100 ಯೂನಿಟ್ ಇರುವುದೂ ದೊರೆಯುತ್ತವೆ. ಸಿರಿಂಜುಗಳೂ ಹಾಗೆಯೇ: ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 4ರ ಗೆರೆಯವರೆಗೆ ಎಳೆದರೆ ನಾಯಿಯ ಮೈಗೆ ಸೇರುವುದು 4 ಯೂನಿಟ್ ಅಲ್ಲ, 10 ಯೂನಿಟ್! ಬಣ್ಣವನ್ನಷ್ಟೇ ನಂಬದೆ, ಸೀಸೆಯ ಮೇಲಿನ ಅಂಕೆಯನ್ನೂ ಸಿರಿಂಜಿನ ಮೇಲಿನ ಅಂಕೆಯನ್ನೂ ಪ್ರತಿ ಬಾರಿ ಹೋಲಿಸಿ ನೋಡಬೇಕು. ಮನೆಯ ಹಿರಿಯರಿಗೂ ಮಧುಮೇಹವಿದ್ದರೆ ಇಬ್ಬರ ಸಾಮಗ್ರಿಯನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡತಕ್ಕದ್ದು.

ಮೊದಲು ಆಹಾರ, ಅನಂತರ ಇನ್ಸುಲಿನ್. ಉಣ್ಣದ ಅಥವಾ ವಾಂತಿ ಮಾಡಿದ ನಾಯಿಗೆ ವೈದ್ಯರನ್ನು ಕೇಳದೆ ಎಂದಿನ ಪ್ರಮಾಣ ಕೊಡಬಾರದು. ಶಿವರಾತ್ರಿಯಂದು, ಶ್ರಾವಣ ಸೋಮವಾರಗಳಂದು ಮನೆಮಂದಿ ಉಪವಾಸವಿದ್ದರೂ ನಾಯಿಯ ಊಟದ ವೇಳೆ ತಪ್ಪಕೂಡದು. ಹಬ್ಬದ ಹೋಳಿಗೆ, ಹುಗ್ಗಿಗಳನ್ನು ಪ್ರೀತಿಯಿಂದ ಹಾಕುವುದೂ ಸಲ್ಲದು. ಹುಗ್ಗಿಯಲ್ಲಿನ ಒಣದ್ರಾಕ್ಷಿಯಂತೂ ಆರೋಗ್ಯವಂತ ನಾಯಿಗೂ ವಿಷ.

ಚುಚ್ಚುಮದ್ದಿನ ಬಳಿಕ ನಾಯಿ ನಿಶ್ಶಕ್ತವಾಗಿ ತೂರಾಡಿದರೆ, ನಡುಗಿದರೆ, ಕರೆದರೂ ಓಗೊಡದಿದ್ದರೆ ಸಕ್ಕರೆ ಕುಸಿದಿದೆಯೆಂದು ಶಂಕಿಸಬೇಕು. ಗ್ಲುಕೋಮೀಟರಿನಲ್ಲಿ 60ಕ್ಕಿಂತ ಕಡಿಮೆ ಕಂಡರೆ ಅಪಾಯ ನಿಶ್ಚಿತ. ಆದರೆ ಲಕ್ಷಣಗಳಿರುವಾಗ ಮೀಟರು ಹುಡುಕುತ್ತ ಹೊತ್ತು ಕಳೆಯಬಾರದು. ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಆಹಾರ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯದೆ, ಜೇನುತುಪ್ಪ ಅಥವಾ ಗ್ಲುಕೋಸ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಸಡಿಗೆ ಸವರಬೇಕು. ಸೆಳವು ಬಂದಿರುವಾಗ ಹಲ್ಲುಗಳ ನಡುವೆ ಬೆರಳಿಡಬಾರದು. ನಾಯಿ ಚೇತರಿಸಿಕೊಂಡಂತೆ ಕಂಡರೂ ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ತಡಮಾಡದೆ ಪಶುಚಿಕಿತ್ಸಾಲಯಕ್ಕೆ ಕರೆದೊಯ್ಯಬೇಕು. ಹೋಗುವಾಗ ಇನ್ಸುಲಿನ್ ಸೀಸೆಯನ್ನೂ ಬಳಸಿದ ಸಿರಿಂಜನ್ನೂ ಜೊತೆಗೆ ಒಯ್ದರೆ ಎಷ್ಟು ಔಷಧ ಮೈಸೇರಿದೆಯೆಂದು ವೈದ್ಯರು ಕೂಡಲೇ ಲೆಕ್ಕ ಹಾಕಬಲ್ಲರು.